ಹೆಣದ ಹಲಗೆ

ಮುಕದ್ದಮ ದ್ರಿಸ್ ಯಾಕೂತಳ ಬಾಗಿಲವರೆಗೆ ಬರಲಿಲ್ಲ. ಯಾರೂ ಬರುವುದಿಲ್ಲ. ಬಾಗಿಲ ಪಕ್ಕದ ಗೋಡೆಗೆ ಹಲಗೆ ಒರಗಿರುತ್ತದೆ. ಐನ್ ಸೆದ್ರಾ ಊರಿನಲ್ಲಿ ಸತ್ತವರನ್ನೆಲ್ಲ ಮಲಗಿಸಿ ತೊಳೆಯುವ ಹಲಗೆ. ದೇವದಾರು ಮರದ್ದು, ಆಳುದ್ದ ಇದೆ, ನೀರು ಕುಡಿದು ಕುಡಿದು ಕಪ್ಪಾಗಿದೆ. ಮಸೀದಿಯಲ್ಲಿ ಇರಬೇಕಾದ ವಸ್ತು ಅದು. ಅಲ್ಲಿ ಯಾರಿಗೂ ಬೇಡವಾಗಿ ಹೆಣ ತೊಳೆಯುವವಳ ಗೋಡೆಗೆ ಬಂದು ಬಿದ್ದಿದೆ. ಬದುಕಿರುವವರು ಆ ಹಲಗೆಯನ್ನು ದಾಟಿದರೆ ವರ್ಷ ತುಂಬುವುದರೊಳಗೆ ಅದರ ಮೇಲೆ ಮಲಗುತ್ತಾರೆ ಎಂದು ಊರಿನ ನಂಬಿಕೆ. ಮಕ್ಕಳು ಆ ಓಣಿಯಲ್ಲಿ ಓಡುತ್ತಾರೆ. ದೊಡ್ಡವರಿಗೆ ಓಡಲು ನಾಚಿಕೆ, ಅದಕ್ಕೆ ಸುತ್ತು ಬಳಸಿ ಹೋಗುತ್ತಾರೆ.

ದ್ರಿಸ್ ಅಂಜೂರದ ಮರದ ಹತ್ತಿರವೇ ನಿಂತು ಕೂಗಿದ.

"ಏ ಯಾಕೂತ್! ಇದ್ದೀಯಾ?"

"ಇನ್ನೂ ಸತ್ತಿಲ್ಲ. ಅದೇನು ಹೇಳು."

"ಲಲ್ಲಾ ಕೆಂಝಾ ಹೋಗ್ಬಿಟ್ರು. ಬೆಳಗಿನ ನಮಾಜಿಗೆ ಎದ್ದೋರು ಹಂಗೇ ಗೋಡೆಗೆ ಒರಗವ್ರೆ, ಅಷ್ಟೇ. ಮಗ ಹಾಜ್ ಬಂದವ್ರೆ. ಮಧ್ಯಾಹ್ನದ ನಮಾಜಿಗೆ ಮಣ್ಣಾಗ್ಬೇಕು. ಬೇಗ ಬರ್ಬೇಕಂತೆ."

ಯಾಕೂತ್ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಪಟ್ಟಣದಿಂದ ತೊಳೆಯೋರನ್ನ ಕರೆಸ್ಬಹುದಿತ್ತಲ್ಲ, ಹಾಜ್‌ಗೇನು ಕಮ್ಮಿ?" ಎಂದಳು.

"ಅಯ್ಯೋ, ನಿನ್ನ ಕೈಯೇ ಆಗ್ಬೇಕು ಅಂತ ಮುದುಕಿ ಎಲ್ಲರ ಮುಂದೆ ಮೊದ್ಲೇ ಹೇಳಿಟ್ಟವ್ರೆ. ಅದ್ಯಾಕೋ, ಏನೋ."

"ಹಂಗಾದ್ರೆ ಬಾ, ಹಲಗೆ ಒಂದು ತುದಿ ಹಿಡ್ಕೊ."

ದ್ರಿಸ್ ಎರಡು ಹೆಜ್ಜೆ ಹಿಂದೆ ಸರಿದ. "ನಂಗೆ ಹೆಂಡ್ರು ಮಕ್ಕಳವ್ರೆ ಕಣಮ್ಮ" ಎಂದವನು ಬಂದ ದಾರಿಯಲ್ಲೇ ಹೊರಟುಹೋದ. ಸರ್ಕಾರದ ಆಳು. ಹೊಳೆದಂಡೆಯಲ್ಲಿ ಹೆಂಗಸರ ಕೈಯಿಂದ ಬಟ್ಟೆ ಬಡಿಯುವ ಕೋಲು ಕಿತ್ತುಕೊಳ್ಳುವಾಗ ಅವನಿಗೆ ಹೆಂಡಿರು ಮಕ್ಕಳ ನೆನಪು ಬಂದಿರಲಿಲ್ಲ.

ಯಾಕೂತ್ ತಲೆ ಎತ್ತಿ ನೋಡಿದಳು. ಬೆಟ್ಟದ ನೆತ್ತಿಯ ಮೇಲೆ ಮೋಡ ಕಟ್ಟಿತ್ತು. ಬೇರೆ ಊರುಗಳಲ್ಲಿ ಮೋಡ ಕಂಡವರು ದುವಾ ಮಾಡಲು ಕೈ ಎತ್ತುತ್ತಾರೆ. ಐನ್ ಸೆದ್ರಾದವರು ಬಿಂದಿಗೆ ಎತ್ತಿಕೊಂಡು ಓಡುತ್ತಾರೆ. ಆಲಿವ್ ಅರೆಯುವ ಕಾಲದಲ್ಲಿ ಬೆಟ್ಟದ ಮೇಲೆ ಮೋಡ ಬಂತೆಂದರೆ ಹೊಳೆಗೆ ಕೇಡು ಬಂತೆಂದೇ ಲೆಕ್ಕ.

ಊರಿನ ಮೇಲ್ಗಡೆ ಹೊಳೆಯ ತಿರುವಿನಲ್ಲಿ ಲಲ್ಲಾ ಕೆಂಝಾಳ ಮಗ ಹಾಜ್ ತಹಾಮಿಯ ಎಣ್ಣೆಗಾಣವಿದೆ. ಹೆಸರಿಗೆ ಗಾಣ. ಈಗ ಅಲ್ಲಿ ಸುತ್ತುವ ಹೇಸರಗತ್ತೆಯೂ ಇಲ್ಲ, ಅರೆಯುವ ಕಲ್ಲೂ ಇಲ್ಲ. ಉಕ್ಕಿನ ಯಂತ್ರಗಳು ಹಗಲೂ ರಾತ್ರಿ ಕಿರುಚುತ್ತವೆ. ಎಣ್ಣೆ ಪಟ್ಟಣಕ್ಕೆ ಹೋಗುತ್ತದೆ. ಹಿಂಡಿ ಸ್ನಾನದ ಮನೆಗಳ ಒಲೆಗೆ ಹೋಗುತ್ತದೆ. ಉಳಿಯುವುದು ಕರಿನೀರು. ಅದು ಬಿದ್ದ ಕಡೆ ಹುಲ್ಲು ಸುಡುತ್ತದೆ. ಹೊಳೆಗೆ ಬಿದ್ದರೆ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ. ದಂಡೆಗಳಲ್ಲಿ ಕಂದು ನೊರೆ, ಹುಳಿತ ನಾತ. ಅದನ್ನು ಗುಡ್ಡದ ಮೇಲಿನ ಹೊಂಡಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸಬೇಕು, ಹೊಂಡ ತುಂಬಿದರೆ ಗಾಣ ನಿಲ್ಲಿಸಬೇಕು. ಕಾಯಿದೆ ಹಾಗೇ ಹೇಳುತ್ತದೆ. ಆದರೆ ಹಾಜ್ ತಹಾಮಿಯ ಗಾಣ ನಿಂತದ್ದನ್ನು ಕಂಡವರಿಲ್ಲ. ತೂಬಿನ ಕಾವಲುಗಾರನಿಗೆ ಅವನು ಹೇಳಿಟ್ಟಿರುವುದು ಒಂದೇ ಮಾತು: ಬೆಟ್ಟದ ಮೇಲೆ ಮೋಡ ಕಟ್ಟಿದರೆ ತೂಬು ಎತ್ತು, ನನ್ನನ್ನು ಕೇಳಬೇಡ. ಮಳೆ ಬಿದ್ದು ಹೊಳೆ ಕೆಂಪಗೆ ತುಂಬಿ ಬಂದರೆ ಅದರೊಳಗೆ ಕರಿನೀರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಎಷ್ಟೋ ಸಲ ಮೋಡ ಹಾಗೇ ಚದುರಿ ಹೋಗುತ್ತದೆ, ಮಳೆ ಬರುವುದಿಲ್ಲ. ಕರಿನೀರು ಮಾತ್ರ ತಪ್ಪದೆ ಬರುತ್ತದೆ.

ಹೋದ ವಸಂತದಲ್ಲಿ ಜಲಾನಯನ ಮಂಡಳಿಯವರು ಬಂದಿದ್ದರು. ಹೊಳೆದಂಡೆಯಲ್ಲಿ ಗುಡಾರ ಹಾಕಿ ಸಭೆ ಮಾಡಿದರು. ಹೊಳೆಯ ನೀರು ಕೆಡದಂತೆ ಕಾಯುವುದು ಹೇಗೆ ಎಂದು ಸಭೆ. ಪುದೀನಾ ಚಹಾ, ಬಾದಾಮಿ ಮಿಠಾಯಿ. ಯಾಕೂತಳೂ ಹೋಗಿದ್ದಳು. ಗುಡಾರದ ಬಾಗಿಲಲ್ಲಿ ದ್ರಿಸ್ ಕೈ ಅಡ್ಡ ಇಟ್ಟ. "ನೀನು ಹೊರಗೇ ನಿಂತು ಕೇಳು. ನಿನ್ನ ಕೈ ಎಲ್ಲೆಲ್ಲಿ ಮುಟ್ಟಿರುತ್ತೋ, ದೊಡ್ಡೋರು ಉಣ್ಣೋ ಜಾಗ" ಎಂದ. ಅವಳು ಬಿಸಿಲಲ್ಲಿ ನಿಂತು, ಬಟ್ಟೆಯ ಗೋಡೆಗೆ ಕಿವಿಗೊಟ್ಟು ಕೇಳಿದಳು.

ಒಳಗೆ ಕನ್ನಡಕದ ಎಂಜಿನಿಯರ್ ಹೊಳೆಗಿರುವ ಅಪಾಯಗಳನ್ನು ಒಂದೊಂದಾಗಿ ಓದಿದ. ಮೊದಲನೆಯ ಅಪಾಯ, ದಂಡೆಯಲ್ಲಿ ಬಟ್ಟೆ ಮತ್ತು ಉಣ್ಣೆ ತೊಳೆಯುವ ಹೆಂಗಸರು. ಆಮೇಲೆ ದನಕರು, ಕುರಿ. ಗಾಣದ ಹೆಸರು ಕೊನೆಗೆ ಬಂತು. ಅದು ಹತೋಟಿಯಲ್ಲಿದೆ ಎಂದ. ಆಗ ಹಾಜ್ ತಹಾಮಿ ಎದ್ದು ನಿಂತು ಎದೆ ಮುಟ್ಟಿಕೊಂಡು ಹೇಳಿದ: "ನನ್ನ ತಾಯಿ ಇದೇ ಊರಲ್ಲಿದ್ದಾರೆ. ಇದೇ ಹೊಳೆ ನೀರಲ್ಲಿ ದಿನಕ್ಕೆ ಐದು ಸಲ ಕೈಕಾಲು ಮುಖ ತೊಳ್ದು, ವಜೂ ಮಾಡಿ ನಮಾಜ್ ಮಾಡ್ತಾರೆ. ಕೆಟ್ಟ ನೀರನ್ನ ಯಾರಾದರೂ ಹೆತ್ತವಳಿಗೆ ಕೊಡ್ತಾರಾ?" ಎಲ್ಲರೂ ತಲೆದೂಗಿದರು.

ಅವನು ತನ್ನ ತಾಯಿಗೆ ಪಟ್ಟಣದಿಂದ ಬಾಟಲಿ ನೀರು ಕಳಿಸುತ್ತಿದ್ದದ್ದು ಇಡೀ ಊರಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ. ಅವನ ಆಲಿವ್ ತೋಟದಲ್ಲಿ ಕೂಲಿ ಮಾಡುವವರೇ ಎಲ್ಲರೂ. ಬಾಯಿಗೆ ಬಿದ್ದ ತುತ್ತು ನಾಲಿಗೆ ಕಟ್ಟಿಹಾಕುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಭೆ ಮುಗಿದ ಮೇಲೆ ದಂಡೆಯಲ್ಲಿ ಬೋರ್ಡು ನೆಟ್ಟರು: ಇಲ್ಲಿ ತೊಳೆಯಬಾರದು. ಹೆಂಗಸರ ಬಡಿಕೋಲುಗಳನ್ನೆಲ್ಲ ದ್ರಿಸ್ ಕಿತ್ತು ಗಾಡಿಗೆ ಎಸೆದ. ಉಣ್ಣೆ ತೊಳೆದು ಬದುಕುತ್ತಿದ್ದ ಹಾದ್ದಾ, "ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೋ?" ಎಂದು ಕೂಗಿದಳು. ಅವಳ ಕೋಲು ಕಸಿದ ಕೈಯೇ ಅವಳ ಕೆನ್ನೆಗೂ ಬಿತ್ತು.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಹೋದ ಚಳಿಗಾಲದಲ್ಲೇ ಆಗಿಹೋಗಿತ್ತು.

ಯಾಕೂತಳ ಒಬ್ಬಳೇ ಮಗಳು ಮಿಲೂದಾ ಚೊಚ್ಚಲ ಹೆರಿಗೆಯಲ್ಲಿ ಸತ್ತಳು. ಪಟ್ಟಣದ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಹೆಣವನ್ನು ಅದೇ ಗಾಡಿಯಲ್ಲಿ ತಿರುಗಿಸಿಕೊಂಡು ಬಂದರು. ಅವತ್ತೂ ಬೆಟ್ಟದ ಮೇಲೆ ಮೋಡ ಇತ್ತು. ಹೊಳೆ ಕಪ್ಪು, ಹೊಳೆದಂಡೆಯ ಬಾವಿಗಳೂ ಕಪ್ಪು. ಯಾಕೂತ್ ಬಿಂದಿಗೆ ಹಿಡಿದು ಗಾಣಕ್ಕೆ ಓಡಿದಳು. ಗಾಣದೊಳಗೆ ಆಳದ ಕೊಳವೆಬಾವಿ ಇದೆ, ಯಂತ್ರ ತೊಳೆಯಲಿಕ್ಕೆ. "ಮಗಳ ಹೆಣ ತೊಳೀಬೇಕು, ಒಂದು ಬಿಂದಿಗೆ ಕೊಡಪ್ಪ" ಎಂದಳು. ಗೇಟಿನ ಕಾವಲುಗಾರ ಕಿಂಡಿಯಿಂದ ಹೇಳಿದ, ಅಪ್ಪಣೆ ಇಲ್ಲ ಎಂದು. ಅವಳು ಕಾಲು ಹಿಡಿಯಲು ಬಗ್ಗಿದಳು. ನಡುವೆ ಕಬ್ಬಿಣದ ಗೇಟು ಇತ್ತು, ಕಾಲು ಸಿಗಲಿಲ್ಲ.

ಅಲ್ಲಿಂದ ಮಸೀದಿಯ ಧರ್ಮಗುರು, ಫಕೀಹ್ ಸಿ ಅಲ್ಲಾಲ್ ಹತ್ತಿರ ಹೋದಳು. ನೀರು ಕೆಟ್ಟಿದ್ದರೆ ಮಣ್ಣು ಸಾಕು ಎಂದು ಧರ್ಮವೇ ಹೇಳುತ್ತದೆ. ಶುದ್ಧ ಮಣ್ಣಿಗೋ ಕಲ್ಲಿಗೋ ಅಂಗೈ ತಟ್ಟಿ ಮುಖಕ್ಕೆ, ಕೈಗಳಿಗೆ ಸವರಿದರೆ ಆಯಿತು. ಬದುಕಿದವರಿಗೂ ಅದೇ, ಸತ್ತವರಿಗೂ ಅದೇ. "ಮಣ್ಣಲ್ಲಿ ಮಾಡ್ಲಾ ಸೀದಿ?" ಎಂದು ಕೇಳಿದಳು. ಫಕೀಹ್ ಹಾಜ್ ಮನೆಯ ಶುಕ್ರವಾರದ ಕುಸ್‌ಕುಸ್ ಉಣ್ಣುವವನು. ಅವನು ಗಡ್ಡ ನೀವಿಕೊಂಡು, "ಆಲಿವ್ ಬರಕತ್ತಿನ ಮರ. ಅದರ ರಸ ಹೊಲಸಲ್ಲ. ಹೊಳೆಯಲ್ಲಿ ನೀರಿರುವಾಗ ಮಣ್ಣು ಸಲ್ಲದು. ಆ ನೀರಲ್ಲೇ ತೊಳಿ" ಎಂದ.

ತೊಳೆದಳು. ಹೆತ್ತವಳೇ ತೊಳೆದಳು. ಆ ಬಾಯಿಗೆ, ಆ ಮೂಗಿಗೆ, ಹೆರಲಾರದೆ ಉಬ್ಬಿದ ಆ ಹೊಟ್ಟೆಗೆ ಕರಿನೀರು ಸುರಿದಳು. ಬಿಳಿಯ ಕಫನ್ ಸುತ್ತಿದ ಮೇಲೆ ಬಟ್ಟೆಯ ಮೇಲೆ ಕಂದು ಕಲೆ ಮೂಡಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಮೂಡಿತು. ಕೊನೆಗೆ ಒಳ್ಳೆ ನೀರಲ್ಲಿ ತೊಳೆದ ಮುಖ ಒಂದು ಮಾತ್ರ ಶುದ್ಧವಾಗಿತ್ತು. ಲಲ್ಲಾ ಕೆಂಝಾ ಸುದ್ದಿ ಕೇಳಿ ತನ್ನ ಹಾಸಿಗೆಯ ಪಕ್ಕದಲ್ಲಿದ್ದ ಎರಡು ಬಾಟಲಿ ನೀರನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕೋಲೂರಿಕೊಂಡು ತಾನೇ ಬಂದಿದ್ದಳು. ಹಾದ್ದಾಳನ್ನು ಬಿಟ್ಟರೆ ಹಲಗೆ ಇರುವ ಬಾಗಿಲಿಗೆ ಊರಲ್ಲಿ ಬಂದವಳು ಅವಳೊಬ್ಬಳೇ. "ಮುಖಕ್ಕಾದ್ರೂ ಆಗಲಿ ಮಗಳೇ. ನನ್ನ ಹತ್ರ ಇರೋದು ಇಷ್ಟೇ" ಎಂದಿದ್ದಳು.

ಅಂದಿನಿಂದ ಯಾಕೂತಳಿಗೆ ಬೇಕಾಗಿದ್ದದ್ದು ಒಂದೇ. ಅದು ನೀರಲ್ಲ, ನಿನ್ನ ಮಗಳಿಗೆ ಅನ್ಯಾಯವಾಯಿತು ಎಂದು ಹಾಜ್ ತಹಾಮಿಯ ಬಾಯಿ ಒಂದು ಸಲ ಹತ್ತು ಜನರ ಮುಂದೆ ಹೇಳಬೇಕು. ಕಲೆ ಹೊತ್ತ ಬಟ್ಟೆಯಲ್ಲಿ ಮಗಳನ್ನು ದೇವರ ಹತ್ತಿರ ಕಳಿಸಿದವಳಿಗೆ ಇನ್ನೇನು ಬೇಕು?

ದ್ರಿಸ್ ಹೋದ ಮೇಲೆ ಹಾದ್ದಾ ಬಂದಳು. ಹೆಣ ತೊಳೆಯುವಾಗ ನೀರು ಎರೆಯುವವಳು ಅವಳೇ. ಇಬ್ಬರೂ ಹಲಗೆಯನ್ನು ಹೆಗಲಿಗೆ ಹೊತ್ತು ನಡೆದರು. ಎದುರಿಗೆ ಬಂದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ನೋಡಕ್ಕಾ, ರಾಜನ ಸವಾರಿಗೂ ಇಷ್ಟು ಬೇಗ ದಾರಿ ಬಿಡಲ್ಲ" ಎಂದಳು ಹಾದ್ದಾ.

"ಮೋಡ ನೋಡಿದ್ಯಾ?"

"ನೋಡ್ದೆ. ತೂಬು ಎತ್ತಿರ್ತಾನೆ. ಅಲ್ಲಾ, ಯಜಮಾನನ ಅವ್ವ ಸತ್ತ ದಿನಾನೂ ಎತ್ತುತಾನಾ?"

"ಎತ್ತಬೇಡ ಅಂತ ಹೇಳೋಕೆ ಹಾಜ್‌ಗೆ ನೆನಪಾಗ್ಬೇಕಲ್ಲ."

ಹೊಳೆದಂಡೆಯ ಹಳೆಯ ಮನೆಯ ಅಂಗಳದಲ್ಲಿ ಗಂಡಸರು ಚಾಪೆಯ ಮೇಲೆ ಕುಳಿತಿದ್ದರು. ಹಾಜ್ ತಹಾಮಿ ಬಿಳಿ ನಿಲುವಂಗಿ, ಜಲ್ಲಾಬಾ ತೊಟ್ಟು ಗೋಡೆಗೆ ಒರಗಿದ್ದ. ಕಣ್ಣು ಕೆಂಪಾಗಿತ್ತು. ನಿಜವಾಗಿಯೂ ಅತ್ತಿದ್ದ. ಅವನ ಒಂದು ಪಕ್ಕದಲ್ಲಿ ಫಕೀಹ್, ಇನ್ನೊಂದು ಪಕ್ಕದಲ್ಲಿ ಅದೇ ಕನ್ನಡಕದ ಎಂಜಿನಿಯರ್. ಅವನು ಹೊಂಡಗಳನ್ನು ನೋಡಿ ಈ ಸಲದ ಪರವಾನಗಿ ಕೊಡಲು ಹಿಂದಿನ ದಿನವೇ ಬಂದವನು. ಅವನು ಸರಿ ಅಂದರೆ ಗಾಣ ನಡೆಯುತ್ತದೆ. ಇಲ್ಲ ಅಂದರೆ ಆಲಿವ್ ರಾಶಿಗಳು ಕೊಳೆಯುತ್ತವೆ. ಸಾವಿನ ಮನೆ ಬಿಟ್ಟು ಹೋಗುವುದು ಚೆನ್ನಾಗಿರುವುದಿಲ್ಲವೆಂದು ಉಳಿದುಕೊಂಡಿದ್ದ.

ಒಳಗೆ ಲಲ್ಲಾ ಕೆಂಝಾ ಹಗುರಾಗಿ ಮಲಗಿದ್ದಳು. ಯಾಕೂತ್ ಅವಳನ್ನು ಹಲಗೆಯ ಮೇಲೆ ಎತ್ತಿ ಮಲಗಿಸಿ ದುಪಟಿ ಹೊದಿಸಿದಳು. ಪಟ್ಟಣದ ಸೊಸೆ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹಾದ್ದಾ ಹಿತ್ತಿಲ ಬಾವಿಯಿಂದ ನೀರು ಸೇದಿ ತಂದಳು. ಬಕೆಟ್ಟಿನಲ್ಲಿ ಕಂದು ನೊರೆ ಇತ್ತು, ಕೆಳಗೆ ಕಪ್ಪು. ನಾತ ಕೋಣೆ ತುಂಬಿತು.

"ಬೇರೆ ನೀರಿಲ್ವಾ?" ಎಂದು ಕೇಳಿದಳು ಯಾಕೂತ್.

"ಬಾಟಲಿ ಎರಡೇ ಉಳಿದಿರೋದು" ಎಂದಳು ಸೊಸೆ, ಕರವಸ್ತ್ರ ತೆಗೆಯದೆ. "ಹೊಸವು ನಾಳೆ ಬರಬೇಕಿತ್ತು."

ಯಾಕೂತ್ ಬಕೆಟ್ಟು ಎತ್ತಿಕೊಂಡು ಅಂಗಳಕ್ಕೆ ನಡೆದಳು. ಗಂಡಸರ ನಡುವೆ ಹೆಂಗಸು ಹೀಗೆ ಬರುವಂತಿಲ್ಲ, ಅದರಲ್ಲೂ ಹೆಣ ತೊಳೆಯುವವಳು. ಅವಳು ಬಕೆಟ್ಟನ್ನು ಹಾಜ್ ತಹಾಮಿಯ ಮುಂದೆ ಇಟ್ಟಳು.

"ಸೀದಿ, ಬಾವೀಲಿ ಬಂದಿದ್ದು ಇದು. ಇದರಲ್ಲೇ ತೊಳೀಲಾ? ಪಟ್ಟಣಕ್ಕೆ ಕಾರು ಕಳಿಸಿ ಬಾಟಲಿ ತರಿಸ್ತೀರಾ? ಕಾಯ್ತೀನಿ."

ಅವಳು ತಿಳಿದುಕೊಂಡಿದ್ದದ್ದು ಹೀಗೆ: ಇವನು ಕಾರು ಕಳಿಸುತ್ತಾನೆ. ಕಳಿಸಲೇಬೇಕು, ಹೆತ್ತವಳಲ್ಲವೇ. ಕಳಿಸಿದರೆ ಹತ್ತು ಜನರ ಮುಂದೆ ಒಪ್ಪಿಕೊಂಡಂತೆಯೇ ಆಯಿತು. ಅಷ್ಟೇ ಸಾಕು ಎಂದುಕೊಂಡಿದ್ದಳು.

ಹಾಜ್ ಬಕೆಟ್ಟು ನೋಡಿದ. ಆಮೇಲೆ ಎಂಜಿನಿಯರ್ ಕಡೆ ನೋಡಿದ. ಎಂಜಿನಿಯರ್ ತನ್ನ ಚಹಾ ಲೋಟದೊಳಗೆ ನೋಡುತ್ತಿದ್ದ. ಫಕೀಹ್ ಕೆಮ್ಮಿ, "ಆಲಿವ್ ಬರಕತ್ತಿನ ಮರ..." ಎಂದು ಶುರುಮಾಡಿದ. ಹಾಜ್ ಕೈ ಎತ್ತಿ ಅವನನ್ನು ತಡೆದ.

"ಕಾರು ಯಾಕೆ? ನೀರಿಗೇನಾಗಿದೆ?" ಎಂದ. "ಸ್ವಲ್ಪ ಮಣ್ಣು ಕದಡಿದೆ ಅಷ್ಟೇ. ನೀರು ಚೆನ್ನಾಗಿದೆ. ತೊಳಿ."

ಕೂಲಿಯವರಲ್ಲಿ ಒಬ್ಬ ಮುದುಕ, ಬಾ ಬಾಸ್ಸು, ತಲೆ ತಗ್ಗಿಸಿಕೊಂಡು ನೆಲ ನೋಡಿದ.

ಇದೆಂಥ ಮಗ! ಗಾಣ ಉಳಿಸಿಕೊಳ್ಳಲು ತಾಯಿಯ ಹೆಣಕ್ಕೆ ಚರಂಡಿ ನೀರು ಎರೆಸುವವನು ಬದುಕಿದವರಿಗೆ ಏನು ತಾನೇ ಬಿಟ್ಟಾನು? ಇಷ್ಟು ದಿನ ಅವನ ಬಾಯಿಂದ ಒಂದು ಮಾತು ಬರಲಿ ಎಂದು ಕಾದಿದ್ದಳು. ಬಂದ ಮಾತು ಇದು.

ಅವಳು ಬಕೆಟ್ಟು ಎತ್ತಿದಳು. ಅಂಗಳದ ಬಿಳಿ ಕಲ್ಲಿನ ಮೇಲೆ ಬುಡಮೇಲು ಮಾಡಿದಳು. ಕರಿನೀರು ಹರಿದು ಬಾಗಿಲ ಹತ್ತಿರ ಸಾಲಾಗಿ ಬಿಟ್ಟಿದ್ದ ಚರ್ಮದ ಚಪ್ಪಲಿಗಳನ್ನು ನೆನೆಸಿತು. ಕೂತವರು ಧಡಕ್ಕನೆ ಕಾಲು ಎತ್ತಿಕೊಂಡರು.

"ತೊಳೆಯಲ್ಲ" ಎಂದಳು.

"ಏನಂದೆ?"

"ತೊಳೆಯಲ್ಲ ಅಂದೆ. ಒಂದು ಸಲ ತೊಳ್ದೆ, ನನ್ನ ಮಗಳನ್ನ. ಇನ್ನೊಬ್ಬರ ಮಗಳನ್ನ ತೊಳೆಯಲ್ಲ."

ಹಾಜ್ ಎದ್ದು ನಿಂತ. "ತೊತ್ತಿನ ಬುದ್ಧಿ ಎಲ್ಲಿಗೆ ಹೋಗುತ್ತೆ! ನಿನ್ನಜ್ಜೀನ ನಮ್ಮಜ್ಜ ಎರಡು ಮೂಟೆ ಉಪ್ಪಿಗೆ ಕೊಂಡು ತಂದದ್ದು. ಅದು ನೆನಪಿರಲಿ!"

"ನೆನಪೈತೆ ಸೀದಿ. ಉಪ್ಪಿಗೆ ತಂದ್ರು. ನಿಮ್ಮವ್ವನಿಗೆ ಎದೆ ಬತ್ತಿದಾಗ ನಮ್ಮವ್ವ ನಿಮಗೆ ಹಾಲು ಕುಡಿಸಿದ್ಲು. ಅದನ್ನೂ ಹೇಳಿ. ಹೇಳೋದಾದ್ರೆ ಎಲ್ಲಾ ಹೇಳಿ."

"ನೀನಿಲ್ಲದಿದ್ರೆ ಬೇರೆಯವರು ತೊಳೀತಾರೆ!"

"ಕರೀರಿ. ನಿಮ್ಮ ಹೆಂಡ್ತಿ ಅಲ್ಲೇ ನಿಂತವ್ರೆ, ಅವರಿಗೇ ಹೇಳಿ."

ಸೊಸೆ ಕರವಸ್ತ್ರದೊಳಗಿಂದಲೇ ಇಲ್ಲ ಎನ್ನುವಂತೆ ತಲೆ ಆಡಿಸಿ ಒಳಗೆ ಸರಿದಳು. ಹಾದ್ದಾ ಯಾರಿಗೂ ಹೆದರದೆ ಪಕಪಕನೆ ನಕ್ಕಳು. ಸಾವಿನ ಮನೆಯಲ್ಲಿ ಆ ನಗು ಕೇಳಿ ಫಕೀಹ್ ದೇವರ ಹೆಸರು ಹೇಳಿಕೊಂಡ.

ಯಾಕೂತ್ ಹಾದ್ದಾಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಸಿಗೆಯ ಪಕ್ಕದಲ್ಲಿ ಎರಡು ಬಾಟಲಿ ಇದ್ದವು. ಆ ನೀರಿನಿಂದ ಮುದುಕಿಯ ಬಾಯಿ ಒರೆಸಿದಳು, ಮೂಗು ಒರೆಸಿದಳು, ಮುಖ ತೊಳೆದಳು. ಮುಖಕ್ಕೆ ಮುಖ, ಋಣ ತೀರಿತು. ಆಮೇಲೆ ಹಾದ್ದಾ ಹಿತ್ತಿಲಿಂದ ಹೋಗಿ ಗುಡ್ಡದ ಕಡೆಯ ಒಣಜಾಗದಿಂದ ಮಡಿಲಲ್ಲಿ ಮಣ್ಣು ತಂದಳು. ಯಾಕೂತ್ ಅದಕ್ಕೆ ಅಂಗೈ ತಟ್ಟಿ, ಸುಕ್ಕುಗಟ್ಟಿದ ಆ ಮುಖಕ್ಕೆ, ಆ ಕೈಗಳಿಗೆ ಮೆಲ್ಲಗೆ ಸವರಿದಳು.

"ನಿಮ್ಮ ಮಗನ ನೀರು ನಿಮ್ಮನ್ನ ಮುಟ್ಟಬಾರದು, ತಾಯಿ" ಎಂದಳು. ಆಗ ಅತ್ತಳು. ಮಗಳಿಗೆ ಅಳಲಾರದೆ ಇಟ್ಟುಕೊಂಡಿದ್ದೂ ಅದರಲ್ಲೇ ಬಂತು. ಮೈಗೆ ಕರ್ಪೂರ ಸವರಿ ಕಫನ್ ಸುತ್ತಿದಳು. ಬಟ್ಟೆ ಕೊನೆಯವರೆಗೂ ಬಿಳಿಯಾಗಿಯೇ ಉಳಿಯಿತು.

ಚಟ್ಟ ಹೊರಟಿತು. ನೀರು ಬಿತ್ತೋ ಮಣ್ಣು ಬಿತ್ತೋ ಎಂದು ಹೊರಗಿನವರು ಕೇಳಲಿಲ್ಲ. ಹಾದ್ದಾ ಇದ್ದ ಮೇಲೆ ಕೇಳುವ ಅಗತ್ಯವೂ ಇರಲಿಲ್ಲ. ಮಸೀದಿ ಮುಟ್ಟುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು.

ಹೆಂಗಸರು ಮಸೀದಿಯ ಎದುರಿನ ಏರಿಯ ಮೇಲೆ ನಿಂತರು. ಅಲ್ಲಿಂದ ಅಂಗಳದ ಕಲ್ಲಿನ ತೊಟ್ಟಿ ಕಾಣುತ್ತದೆ. ಹೊಳೆಯಿಂದ ಕಾಲುವೆ ಕಡಿದು ಆ ತೊಟ್ಟಿಗೆ ನೀರು ತಂದಿದ್ದಾರೆ. ಸಾವಿನ ನಮಾಜಿಗೆ ಮುಂಚೆ ಹೆಣದ ಮನೆಯವನು ಮೊದಲು ಅಲ್ಲಿ ವಜೂ ಮಾಡಬೇಕು, ಊರಿನವರು ಅವನ ಹಿಂದೆ. ಐನ್ ಸೆದ್ರಾದ ಹಳೆಯ ರೂಢಿ ಅದು. ಎಷ್ಟೋ ದಿನಗಳಿಂದ ಜನ ಮನೆಯಲ್ಲೇ ಕೈಕಾಲು ತೊಳೆದುಕೊಂಡು ಬಂದು, ಇಲ್ಲಿ ಸುಮ್ಮನೆ ಬೆರಳು ತೋಯಿಸಿದಂತೆ ಮಾಡಿ ಮುಗಿಸುತ್ತಿದ್ದರು.

ಅವತ್ತು ಯಾರೂ ಬೆರಳು ತೋಯಿಸಲಿಲ್ಲ. ತೊಟ್ಟಿಯ ಸುತ್ತ ಸುಮ್ಮನೆ ನಿಂತರು.

"ಮೊದಲು ನೀವು, ಹಾಜ್" ಎಂದ ಬಾ ಬಾಸ್ಸು. "ನೀರು ಚೆನ್ನಾಗೈತೆ ಅಂದ್ರಲ್ಲ. ನೀವು ಬಾಯಿ ಮುಕ್ಕಳಿಸಿ. ನಿಮ್ಮ ಹಿಂದೆ ನಾವು."

ಜೀವಮಾನದಲ್ಲಿ ಆ ಮುದುಕ ಹಾಜ್ ಎದುರಿಗೆ ಆಡಿದ ಅತಿ ದೊಡ್ಡ ಮಾತು ಅದು.

ಹಾಜ್ ತಹಾಮಿ ತೋಳು ಮಡಿಸಿಕೊಂಡು ತೊಟ್ಟಿಯ ಮುಂದೆ ಕುಳಿತ. ಎಂಜಿನಿಯರ್ ಅವನ ಬೆನ್ನ ಹಿಂದೆಯೇ ಇದ್ದ. ಕೊಳವೆಯಿಂದ ಬೀಳುತ್ತಿದ್ದ ನೀರು ಕಂದಾಗಿತ್ತು. ನೋಡುತ್ತಿದ್ದಂತೆ ಕಪ್ಪಾಯಿತು. ಮೇಲೆ ತೂಬು ಎತ್ತಿ ಆಗಲೇ ಹೊತ್ತಾಗಿತ್ತು, ಅದು ಕಾಲುವೆಯಲ್ಲಿ ಸುತ್ತಿ ಈಗ ಇಲ್ಲಿಗೆ ಮುಟ್ಟಿತ್ತು. ಮಳೆ ಹನಿಯೂ ಬಿದ್ದಿರಲಿಲ್ಲ. ನೊರೆ ತೊಟ್ಟಿಯ ಅಂಚು ದಾಟಿ ಅವನ ಬಿಳಿ ಜಲ್ಲಾಬಾದ ತುದಿಗೆ ತಗಲಿತು.

ಅವನು ಬೊಗಸೆ ಒಡ್ಡಿದ. ಬೊಗಸೆ ತುಂಬಿತು. ಬಾಯಿಯ ಹತ್ತಿರ ತಂದ. ಏರಿಯ ಮೇಲೆ ಯಾಕೂತ್ ಒಂದು ಹೆಜ್ಜೆ ಮುಂದೆ ಬಂದಳು. ಕುಡಿ, ಕುಡಿ ನೋಡೋಣ ಎಂದು ಅವಳ ತುಟಿ ತಾನಾಗೇ ಅಲುಗುತ್ತಿತ್ತು.

ನಾತಕ್ಕೆ ಅವನಿಗೆ ವಾಕರಿಕೆ ಉಕ್ಕಿ ಬಂತು. ಬೊಗಸೆ ಬಿಚ್ಚಿದ. ನೀರು ಚೆಲ್ಲಿತು. ಕೆಮ್ಮುತ್ತಾ ಎದ್ದ. ಯಾರ ಮುಖವನ್ನೂ ನೋಡದೆ ಮಸೀದಿಯ ಗೋಡೆಯ ಹತ್ತಿರ ಹೋಗಿ, ಎರಡೂ ಅಂಗೈಗಳನ್ನು ಕಲ್ಲಿಗೆ ತಟ್ಟಿ ಮುಖಕ್ಕೆ ಸವರಿಕೊಂಡ.

ಅವನ ಹಿಂದೆ ಬಾ ಬಾಸ್ಸು ಗೋಡೆಗೆ ಕೈ ತಟ್ಟಿದ. ಆಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ. ಹರಿಯುವ ತೊಟ್ಟಿಯ ಪಕ್ಕದಲ್ಲಿ ಇಡೀ ಊರು ಕಲ್ಲಿನ ಗೋಡೆಗೆ ಕೈ ತಟ್ಟಿತು. ಫಕೀಹ್ ಕೂಡ ತಟ್ಟಿದ, ಎಲ್ಲರಿಗಿಂತ ಮೆಲ್ಲಗೆ. ಎಂಜಿನಿಯರ್ ತನ್ನ ಬೂಟುಗಳನ್ನು ನೋಡಿಕೊಂಡು ನಿಂತಿದ್ದ.

"ಸೀದಿ!"

ಏರಿಯ ಮೇಲಿಂದ ಯಾಕೂತ್ ಕೂಗಿದಳು. ಗಂಡಸರೆಲ್ಲ ತಿರುಗಿದರು.

"ನಿಮ್ಮವ್ವನಿಗೆ ಆಗುತ್ತೆ ಅಂದ ನೀರು ನಿಮ್ಮ ಬಾಯಿಗೆ ಯಾಕೆ ಆಗ್ಲಿಲ್ಲ? ನನ್ನ ಮಗಳ ಬಾಯಿಗೆ ಅದನ್ನೇ ಹಾಕಿಸಿದ್ರಲ್ಲ! ಹೇಳಿ ಸೀದಿ, ಬಾಯಿ ಬಿಟ್ಟು ಹೇಳಿ!"

ಅವನು ಧೂಳು ಮೆತ್ತಿದ ಮುಖ ತಿರುಗಿಸಿಕೊಂಡು ನಮಾಜಿಗೆ ನಡೆದ. ನಮಾಜು ಮುಗಿಯಿತು. ಗುಂಡಿ ತೆಗೆದಿದ್ದರು, ಮಣ್ಣು ಕೊಟ್ಟರು. ಗುಂಡಿ ಮುಚ್ಚುವ ಮೊದಲೇ ಗುಡ್ಡದ ಕಡೆಯಿಂದ ಗಾಣದ ಯಂತ್ರಗಳ ಕಿರುಚಾಟ ಮತ್ತೆ ಕೇಳಿಸಿತು. ಯಜಮಾನನ ತಾಯಿ ಸತ್ತದ್ದಕ್ಕೂ ಅವು ನಿಂತಿರಲಿಲ್ಲ, ಇಷ್ಟು ಹೊತ್ತು ಗಾಳಿ ಆ ಕಡೆಗಿತ್ತು ಅಷ್ಟೇ.

"ಎಲ್ಲಾ ನೋಡಿದ್ರು. ಆದ್ರೂ ಏನಾಯ್ತಕ್ಕಾ? ನಾಳೆ ಎಂಜಿನಿಯರ್ ಸರಿ ಅಂತಾನೆ. ನಾಳಿದ್ದು ದ್ರಿಸ್ ಬಂದು ನಿನ್ನ ಗುಡಿಸಲು ಕೀಳ್ತಾನೆ" ಎಂದಳು ಹಾದ್ದಾ.

ಯಾಕೂತ್ ಲಲ್ಲಾ ಕೆಂಝಾಳ ಹಳೆಯ ಮನೆಗೆ ಹೋಗಿ ಹಲಗೆಯ ಒಂದು ತುದಿ ಎತ್ತಿದಳು. ಹಾದ್ದಾ ಇನ್ನೊಂದು ತುದಿ ಹಿಡಿದಳು. ಮನೆಯ ಕಡೆ ತಿರುಗಬೇಕಾದ ಓಣಿಯಲ್ಲಿ ಯಾಕೂತ್ ತಿರುಗಲಿಲ್ಲ. ಗುಡ್ಡದ ದಾರಿ ಹಿಡಿದಳು.

"ಎಲ್ಲಿಗೆ?"

"ಗಾಣಕ್ಕೆ."

ಹಾದ್ದಾ ಒಂದು ಗಳಿಗೆ ನಿಂತಳು. ಅರ್ಥವಾಯಿತು. ಅರ್ಥವಾದ ಮೇಲೆ ಅವಳಿಗೂ ಹೆದರಿಕೆಯಾಯಿತು. ಏರು ಕಡಿದಾಗಿತ್ತು, ಹಲಗೆ ಭಾರವಾಗಿತ್ತು. ಇಬ್ಬರೂ ಏದುಸಿರು ಬಿಡುತ್ತಾ ಹತ್ತಿದರು. ಅರ್ಧ ದಾರಿಯಲ್ಲಿ ಹಲಗೆ ಇದ್ದಕ್ಕಿದ್ದಂತೆ ಹಗುರಾಯಿತು. ಯಾಕೂತ್ ತಿರುಗಿ ನೋಡಿದಳು. ಹಿಂದೆ ಉಣ್ಣೆ ತೊಳೆಯುವ ಹೆಂಗಸರಿದ್ದರು. ಎಂದೂ ಆ ಹಲಗೆಯ ನೆರಳು ತುಳಿಯದವರು ಈಗ ಅದರ ಅಡಿಗೆ ಹೆಗಲು ಕೊಟ್ಟಿದ್ದರು. ಒಬ್ಬಳು ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದಳು.

ಗಾಣದ ಗೇಟು ತೆರೆದಿತ್ತು. ಆಲಿವ್ ತುಂಬಿದ ಲಾರಿಗಳು ಸಾಲುಗಟ್ಟಿದ್ದವು. ಹೆಂಗಸರು ಹಲಗೆಯನ್ನು ಗೇಟಿಗೆ ಅಡ್ಡಲಾಗಿ, ದಾರಿಯ ನಟ್ಟನಡುವೆ ಮಲಗಿಸಿದರು. ಬೆಳಗಿನ ಮಣ್ಣು ಇನ್ನೂ ಅದರ ಮೇಲಿತ್ತು. ಯಾಕೂತ್ ಅದರ ಮೇಲೆ ಕಾಲು ಮಡಿಸಿ ಕುಳಿತಳು.

ಕಾವಲುಗಾರ ಓಡಿ ಬಂದ. ಹಲಗೆ ಕಂಡು ಅಲ್ಲೇ ನಿಂತ. ಮಿಲೂದಾಳ ದಿನ ಕಿಂಡಿಯಿಂದ ಅಪ್ಪಣೆ ಇಲ್ಲ ಎಂದವನು ಇವನೇ.

"ತೆಗಿಯಮ್ಮಾ... ಏನಿದು, ಹಾಜ್‌ಗೆ ಏನು ಹೇಳ್ಲಿ?"

"ಹೋಗಿ ಹೇಳು. ಊರಿನ ಹಲಗೆ ಗೇಟಿಗೆ ಬಂದೈತೆ ಅಂತ ಹೇಳು. ತೂಬು ಮುಚ್ಚೋವರೆಗೂ ಇಲ್ಲೇ ಇರುತ್ತೆ. ದಾಟೋರಿದ್ರೆ ದಾಟ್ಲಿ."

ಮುಂದಿನ ಲಾರಿಯ ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ. ಹಲಗೆ ಅವನಿಗೆ ಗೊತ್ತು. ಅವನಪ್ಪ ಅದರ ಮೇಲೆ ಮಲಗಿದ್ದವನು. ಎಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ. ಒಂದೊಂದಾಗಿ ಲಾರಿಗಳು ಸದ್ದಡಗಿದವು. ಆಗ ಯಂತ್ರಗಳ ಕಿರುಚಾಟದ ನಡುವೆಯೂ ಮೇಲಿನ ತೂಬಿನಿಂದ ಕರಿನೀರು ಹೊಳೆಗೆ ಬೀಳುವ ಸದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.